ಕೆಲಸ ಸಿಕ್ಕಿದೆ, ಸೇರೋಕೆ ಆಗ್ತಿಲ್ಲ: ಕಾಗದ, ಕೇಸು, ಸಾಲದ ಗಂಟು ಬಿಡಿಸುವ ದಾರಿ

ನಮ್ಮ ಬೀದಿಯ ಹುಡುಗನೊಬ್ಬನಿಗೆ ಗೋದಾಮಿನಲ್ಲಿ ಕೆಲಸ ಸಿಕ್ಕಿತ್ತು. ಪಿಯುಸಿ ಪಾಸು, ಗಟ್ಟಿ ಆಳು, ಇಂಟರ್‌ವ್ಯೂ ಕೂಡ ಚೆನ್ನಾಗಿಯೇ ಆಗಿತ್ತು. ಸೋಮವಾರ ಬಂದು ಸೇರಿಕೋ ಅಂದರು. ಅವನು ಸೇರಲಿಲ್ಲ. ಆಧಾರ್‌ನಲ್ಲಿ ಅವನ ಹೆಸರಿನ ಕೊನೆಗೆ ಇಂಗ್ಲಿಷಿನ ‘ಎ’ ಅಕ್ಷರ ಇತ್ತು, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ಜೆರಾಕ್ಸಿನಲ್ಲಿ ಇರಲಿಲ್ಲ. ಒರಿಜಿನಲ್ ಕಾರ್ಡು ಫೀಸು ಬಾಕಿ ಅಂತ ಕಾಲೇಜಿನ ಬೀರುವಿನಲ್ಲಿತ್ತು. ಬ್ಯಾಂಕ್ ಖಾತೆ ವ್ಯವಹಾರವೇ ಇಲ್ಲದೆ ನಿಂತುಹೋಗಿತ್ತು. ಮೇಲಿಂದ ಊರ ಜಾತ್ರೆಯ ಹೊಡೆದಾಟದ ಒಂದು ಕೇಸು. ಹತ್ತು ದಿನ ಓಡಾಡುವಷ್ಟರಲ್ಲಿ ಆ ಜಾಗಕ್ಕೆ ಬೇರೆಯವರು ಬಂದಿದ್ದರು.

ನಾನು ಪ್ಯಾರಾ ಲೀಗಲ್ ವಾಲಂಟಿಯರ್. ಅಂದರೆ ಲಾಯರ್ ಅಲ್ಲ. ಜನರನ್ನು ಸರಿಯಾದ ಟೇಬಲ್ ಹತ್ತಿರ ಕರೆದುಕೊಂಡು ಹೋಗುವವನು. ಇಷ್ಟು ದಿನದಲ್ಲಿ ನನಗೆ ಗೊತ್ತಾಗಿದ್ದು ಒಂದೇ. ಈ ತೊಡಕುಗಳಲ್ಲಿ ಯಾವುದೂ ಬೆಟ್ಟದಷ್ಟು ದೊಡ್ಡದಲ್ಲ. ಆದರೆ ಒಂದಕ್ಕೊಂದು ಸುತ್ತಿಕೊಂಡಿರುತ್ತವೆ, ತಪ್ಪು ತುದಿ ಎಳೆದರೆ ಗಂಟು ಇನ್ನೂ ಬಿಗಿಯಾಗುತ್ತದೆ. ಹಾಗಾಗಿ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದೇ ಇಲ್ಲಿ ಮುಖ್ಯ. ಕೆಳಗಿರುವುದು ಕರ್ನಾಟಕದಲ್ಲಿ ನಾನು ಅನುಸರಿಸುವ ಕ್ರಮ.

ಹಂತ 1: ಒಂದು ಹಾಳೆಯಲ್ಲಿ ಎಲ್ಲಾ ಬರೆಯಿರಿ

ಸೈಬರ್ ಸೆಂಟರಿಗೆ ಓಡುವ ಮುಂಚೆ ಒಂದು ಬಿಳಿ ಹಾಳೆ ತಗೊಳ್ಳಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು (ಓದಿಲ್ಲದಿದ್ದರೆ ಜನನ ಪ್ರಮಾಣಪತ್ರ), ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಹಿಂದೆ ಕೆಲಸ ಮಾಡಿದ್ದರೆ ಪಿಎಫ್ ನಂಬರ್. ಒಂದೊಂದರಲ್ಲೂ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಹೇಗಿದೆಯೋ ಹಾಗೇ, ಇಂಗ್ಲಿಷ್ ಅಕ್ಷರ ಬಿಡದೆ, ಇನಿಷಿಯಲ್ ಹಿಂದಿದೆಯೋ ಮುಂದಿದೆಯೋ ನೋಡಿ ಬರೆಯಿರಿ. ಹೊಂದದಿರುವ ಕಡೆ ಸುತ್ತು ಹಾಕಿ. ಹೆಚ್ಚಿನವರಿಗೆ ತಮ್ಮ ಹೆಸರು ಮೂರು ಕಡೆ ಮೂರು ಥರ ಇದೆ ಅಂತ ಗೊತ್ತಾಗುವುದೇ ಇಲ್ಲಿ.

ಅದೇ ಹಾಳೆಯ ಹಿಂಬದಿಯಲ್ಲಿ ಮೂರು ಪ್ರಶ್ನೆಗೆ ಉತ್ತರ ಬರೆಯಿರಿ. ಒರಿಜಿನಲ್ ಕಾಗದ ಯಾರ ಹತ್ತಿರವಾದರೂ ಇದೆಯಾ? ಸ್ಟೇಷನ್ನಿನಲ್ಲಿ, ಕೋರ್ಟಿನಲ್ಲಿ ನಿಮ್ಮ ಹೆಸರಿದೆಯಾ? ಯಾರಿಗೆ ಎಷ್ಟು ಸಾಲ ಬಾಕಿ?

ಹಂತ 2: ಹೆಸರು, ಹುಟ್ಟಿದ ದಿನ

ಮೊದಲು ಆಧಾರ್ ಸರಿ ಮಾಡಿಸಬೇಕು. ಯಾಕೆಂದರೆ ಪ್ಯಾನ್, ಬ್ಯಾಂಕ್, ಪಿಎಫ್ ಮೂರೂ ಅದನ್ನೇ ನೋಡುತ್ತವೆ. ಆಧಾರ್ ಕೇಂದ್ರಕ್ಕೆ ಹೋದವರು ಮೊದಲು ಮೊಬೈಲ್ ನಂಬರ್ ಸೇರಿಸಿಕೊಳ್ಳಿ. ಒಟಿಪಿ ಬರದಿದ್ದರೆ ಮುಂದಿನ ಯಾವ ಕೆಲಸವೂ ಆಗುವುದಿಲ್ಲ. ಹೆಸರು, ವಿಳಾಸದಂಥ ತಿದ್ದುಪಡಿಗೆ ಈಗ ಶುಲ್ಕ 75 ರೂಪಾಯಿ, ಬೆರಳಚ್ಚು, ಫೋಟೊ ಹೊಸದಾಗಿ ಕೊಡುವುದಕ್ಕೆ 125. ಅದಕ್ಕಿಂತ ಜಾಸ್ತಿ ಕೇಳಿದರೆ ರಸೀದಿ ಕೇಳಿ, ತಾನಾಗಿ ಇಳಿಯುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ಆಧಾರ್‌ನಲ್ಲಿ ಹೆಸರು ಬದಲಿಸಲು ಎರಡೇ ಸಲ ಅವಕಾಶ, ಹುಟ್ಟಿದ ದಿನ ಬದಲಿಸಲು ಒಂದೇ ಸಲ. ಕೇಂದ್ರದವನು ಅವಸರದಲ್ಲಿ ಟೈಪ್ ಮಾಡಿ ಮತ್ತೊಂದು ತಪ್ಪು ಮಾಡಿದರೆ ಒಂದು ಅವಕಾಶ ಹೋದಂತೆಯೇ. ಒಪ್ಪಿಗೆ ಕೊಡುವ ಮುಂಚೆ ಸ್ಕ್ರೀನ್ ತಿರುಗಿಸಿ ತೋರಿಸಿ ಅನ್ನಿ, ಒಂದೊಂದು ಅಕ್ಷರ ಓದಿ. ಓದಲು ಬಾರದವರು ಓದುವವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಎಲ್ಲವನ್ನೂ ಎಸ್ಸೆಸ್ಸೆಲ್ಸಿ ಕಾರ್ಡಿಗೆ ಹೊಂದಿಸಿ; ಆಧಾರ್‌ಗೆ ತಕ್ಕಂತೆ ಮಾರ್ಕ್ಸ್ ಕಾರ್ಡು ತಿದ್ದಿಸಲು ಹೊರಟರೆ ಚಪ್ಪಲಿ ಸವೆಯುತ್ತದೆ ಅಷ್ಟೇ. ಇನ್ನೊಂದು ವಿಷಯ. 2024ರ ಜನವರಿಯಿಂದ ಪಿಎಫ್ ಇಲಾಖೆ ಹುಟ್ಟಿದ ದಿನಕ್ಕೆ ಆಧಾರ್ ಅನ್ನು ಪುರಾವೆಯಾಗಿ ಒಪ್ಪುತ್ತಿಲ್ಲ. ಅಲ್ಲಿ ಮಾರ್ಕ್ಸ್ ಕಾರ್ಡು ಅಥವಾ ಜನನ ಪ್ರಮಾಣಪತ್ರವೇ ಬೇಕು.

ಪ್ಯಾನ್ ಇಲ್ಲದಿದ್ದರೆ ಆದಾಯ ತೆರಿಗೆ ಇಲಾಖೆಯ ವೆಬ್‌ಸೈಟಿನಲ್ಲಿ ಆಧಾರ್ ಒಟಿಪಿ ಕೊಟ್ಟು ಇ-ಪ್ಯಾನ್ ಪಡೆಯಬಹುದು. ಅದಕ್ಕೆ ಕಾಸಿಲ್ಲ.

ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಅರ್ಜಿ ಹಾಕಿದಾಗ ಸಕಾಲ ನಂಬರ್ ಇರುವ ಸ್ವೀಕೃತಿ ಕೊಡುತ್ತಾರೆ. ಅದನ್ನು ಎಸೆಯಬೇಡಿ. ಹೇಳಿದ ದಿನ ಮೀರಿದರೆ ಆ ನಂಬರ್ ಇಟ್ಟುಕೊಂಡು ಮೇಲ್ಮನವಿ ಹಾಕಬಹುದು; ದಿನಕ್ಕೆ 20 ರೂಪಾಯಿಯಂತೆ 500ರ ತನಕ ಪರಿಹಾರವೂ ಕಾನೂನಿನಲ್ಲಿದೆ. ಆ ದುಡ್ಡು ಯಾರಿಗೆ ಬೇಕು? ಆದರೆ ‘ಸಕಾಲ ನಂಬರ್ ಇದೆ ಸಾರ್’ ಅನ್ನುವ ಮಾತಿಗೆ ಫೈಲು ಅಲ್ಲಾಡಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಹಂತ 3: ಖಾತೆ, ಪಿಎಫ್

ಮಿನಿಮಮ್ ಬ್ಯಾಲೆನ್ಸ್ ಇಡಲು ದುಡ್ಡಿಲ್ಲ ಅಂತ ಖಾತೆ ತೆರೆಯದೆ ಕೂತವರಿದ್ದಾರೆ. ಜನಧನ್ ಖಾತೆಗೆ ಬ್ಯಾಲೆನ್ಸ್ ಬೇಡ. ಸರಿಯಾದ ದಾಖಲೆಯೇ ಇಲ್ಲದವರಿಗೂ ಬ್ಯಾಂಕು ‘ಸಣ್ಣ ಖಾತೆ’ ತೆರೆದುಕೊಡಬೇಕು. ಅದರಲ್ಲಿ 50,000ಕ್ಕಿಂತ ಹೆಚ್ಚು ಇಡುವಂತಿಲ್ಲ, ತಿಂಗಳಿಗೆ 10,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ, ಒಂದು ವರ್ಷದೊಳಗೆ ದಾಖಲೆಗೆ ಅರ್ಜಿ ಹಾಕಿದ್ದನ್ನು ತೋರಿಸಬೇಕು. ಸದ್ಯಕ್ಕೆ ಸಂಬಳ ಬೀಳಲು ಅಷ್ಟು ಸಾಕು. ಹಳೇ ಖಾತೆ ನಿಂತುಹೋಗಿದ್ದರೆ ಅದೇ ಶಾಖೆಗೆ ಆಧಾರ್, ಪ್ಯಾನ್ ತಗೊಂಡು ಹೋದರೆ ಮತ್ತೆ ಚಾಲೂ ಮಾಡಿಕೊಡುತ್ತಾರೆ.

ಒಂದು ಬ್ಯಾಂಕಿನಲ್ಲಿ ಸಾಲದ ಕಂತು ಬಾಕಿ ಇದ್ದರೆ ಸಂಬಳದ ಖಾತೆಯನ್ನು ಅಲ್ಲಿ ತೆರೆಯಬೇಡಿ. ಮೊದಲ ಸಂಬಳ ಬಿದ್ದ ದಿನವೇ ಬಾಕಿಗೆ ಮುರಿದುಕೊಂಡರೆ ತಿಂಗಳು ಹೇಗೆ ತಳ್ಳುತ್ತೀರಿ? ಬಾಕಿ ತೀರಿಸಬೇಕು ನಿಜ, ಆದರೆ ಎಷ್ಟು, ಯಾವಾಗ ಅಂತ ಕೂತು ಮಾತಾಡಿ ತೀರಿಸಿ. ಇನ್ನು, ‘ನಿನ್ನ ಖಾತೆ ಎರಡು ದಿನ ಕೊಡು, ಕಮಿಷನ್ ಕೊಡ್ತೀನಿ’ ಅನ್ನುವವರಿಂದ ದೂರ ಇರಿ. ಆ ದುಡ್ಡು ಸೈಬರ್ ಮೋಸದ್ದಾಗಿರುತ್ತದೆ, ಪೊಲೀಸರು ಬರುವುದು ಖಾತೆ ಯಾರ ಹೆಸರಲ್ಲಿದೆಯೋ ಅವರ ಮನೆಗೆ.

‘ಪಿಎಫ್ ಬೇಡ ಅಂದ್ರೆ ಪೂರ್ತಿ ಸಂಬಳ ಕೈಗೆ ಕೊಡ್ತೀವಿ’ ಅನ್ನುವುದು ಹಳೇ ಮಾತು. ಒಪ್ಪಬೇಡಿ. 2025ರ ಆಗಸ್ಟ್ 1ರಿಂದ 2027ರ ಜುಲೈ 31ರ ಒಳಗೆ ಮೊದಲ ಸಲ ಪಿಎಫ್‌ಗೆ ಸೇರುವವರಿಗೆ ಕೇಂದ್ರದ ವಿಕಸಿತ ಭಾರತ ರೋಜ್‌ಗಾರ್ ಯೋಜನೆಯಲ್ಲಿ ಒಂದು ತಿಂಗಳ ಸಂಬಳದಷ್ಟು, 15,000ದ ತನಕ, ಎರಡು ಕಂತಿನಲ್ಲಿ ಬರುತ್ತದೆ. ಮೊದಲ ಕಂತಿಗೆ ಆರು ತಿಂಗಳು ಬಿಡದೆ ಕೆಲಸ ಮಾಡಿರಬೇಕು. ಸಂಬಳ 21,000ದ ಒಳಗಿದ್ದರೆ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಕೂಡ ಕೇಳಿ. ನಿಮ್ಮಿಂದ ಕಡಿತ ನೂರಕ್ಕೆ 75 ಪೈಸೆ, ಮನೆಯವರಿಗೆಲ್ಲ ಆಸ್ಪತ್ರೆ. ಹಿಂದಿನ ಕೆಲಸದಲ್ಲಿ ಯುಎಎನ್, ಅಂದರೆ ಪಿಎಫ್ ಸದಸ್ಯರ ನಂಬರ್ ಇದ್ದರೆ ಅದನ್ನೇ ಕೊಡಿ, ಹೊಸದು ಮಾಡಿಸಬೇಡಿ.

ಹಂತ 4: ಒರಿಜಿನಲ್ ಕಾಗದ ಬಿಡಿಸಿಕೊಳ್ಳುವುದು

ಡಿಗ್ರಿ ಕಾಲೇಜುಗಳು ವಿದ್ಯಾರ್ಥಿಯ ಮೂಲ ಪ್ರಮಾಣಪತ್ರ ಇಟ್ಟುಕೊಳ್ಳುವಂತಿಲ್ಲ ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲೇ ಹೇಳಿದೆ. ಎಂಟನೇ ಕ್ಲಾಸಿನ ತನಕದ ಮಕ್ಕಳಿಗೆ ಕೇಳಿದ ಕೂಡಲೇ ಟಿಸಿ ಕೊಡಬೇಕು ಅನ್ನುವುದು ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಫೀಸು ಬಾಕಿ ಇದ್ದರೆ ಅದನ್ನು ಕೇಳಲು ಬೇರೆ ದಾರಿ ಇದೆ, ಮಾರ್ಕ್ಸ್ ಕಾರ್ಡು ಅಡವಿನ ಒಡವೆ ಅಲ್ಲ.

ಹಾಗಂತ ಕೌಂಟರಿನಲ್ಲಿ ಜಗಳ ಆಡಿದರೆ ಪ್ರಯೋಜನ ಇಲ್ಲ. ಒಂದು ಪುಟದ ಅರ್ಜಿ ಬರೆಯಿರಿ: ಇಂಥ ವರ್ಷ ಓದಿದ್ದು, ಇಂಥ ದಾಖಲೆ ನಿಮ್ಮಲ್ಲಿದೆ, ಕೆಲಸಕ್ಕೆ ಸೇರಲು ಇಂಥ ದಿನದೊಳಗೆ ಬೇಕು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ನಮ್ಮ ಹುಡುಗನದು ಪಿಯು ಕಾಲೇಜು. ಅವನು ಎಂಟು ಸಲ ಬಾಯಲ್ಲಿ ಕೇಳಿ ಬಂದಿದ್ದ. ಉಚಿತ ಲಾಯರ್ ಕೊಡುವ ಕಾನೂನು ಸೇವಾ ಸಮಿತಿಗೂ ಪ್ರತಿ ಕಳಿಸಲಾಗಿದೆ ಅಂತ ಕೊನೆಯಲ್ಲಿ ಒಂದು ಸಾಲು ಸೇರಿಸಿದ ಕಾಗದ ತಲುಪಿದ ನಾಲ್ಕನೇ ದಿನಕ್ಕೆ ಕಾಲೇಜಿನಿಂದಲೇ ಫೋನ್ ಬಂತು. ಬಾಕಿ ಫೀಸನ್ನು ತಿಂಗಳಿಗೆ ಸಾವಿರದಂತೆ ಕಟ್ಟುತ್ತೇನೆ ಅಂತ ಬರೆದುಕೊಟ್ಟ, ಕಾರ್ಡು ಕೈಗೆ ಬಂತು.

ಕೆಲಸ ಕೊಡುವವರಿಗೂ ಒರಿಜಿನಲ್ ಬಿಡಬೇಡಿ. ತೋರಿಸಿ, ಜೆರಾಕ್ಸ್ ಕೊಟ್ಟು, ವಾಪಸ್ ತನ್ನಿ. ಕೆಲಸ ಕೊಡಿಸಲು, ಯೂನಿಫಾರ್ಮಿಗೆ, ಡೆಪಾಸಿಟ್ಟಿಗೆ ಅಂತ ಮೊದಲೇ ದುಡ್ಡು ಕೇಳುವ ಏಜೆಂಟನನ್ನು ಅಲ್ಲೇ ಬಿಟ್ಟು ಬನ್ನಿ. ಗಲ್ಫಿಗೆ ಹೋಗುವವರಿಗೆ ಮಾತ್ರ ಶುಲ್ಕ ಉಂಟು. ಅದೂ ಸರ್ಕಾರದ ಲೈಸೆನ್ಸ್ ಇರುವ ಏಜೆಂಟ್ ಗರಿಷ್ಠ 30,000 ರೂಪಾಯಿ ಮತ್ತು ಜಿಎಸ್‌ಟಿ ಪಡೆಯಬಹುದು, ರಸೀದಿ ಕೊಟ್ಟು.

ಹಂತ 5: ಕೇಸು

ಜನ ಹೆದರುವುದು ಇಲ್ಲೇ, ಹೆದರಿ ತಪ್ಪು ಮಾಡುವುದೂ ಇಲ್ಲೇ. ಸೆಕ್ಯುರಿಟಿ, ಡ್ರೈವರ್, ಡೆಲಿವರಿ, ಫ್ಯಾಕ್ಟರಿ, ಎಲ್ಲ ಕಡೆ ಈಗ ಪೊಲೀಸ್ ವೆರಿಫಿಕೇಷನ್ ಕೇಳುತ್ತಾರೆ. ಅದಕ್ಕೆ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಅರ್ಜಿ ಹಾಕುವ ಮೊದಲೇ ನಿಮ್ಮ ಮೇಲೆ ಏನಿದೆ ಅಂತ ನೀವು ತಿಳಿದಿರಬೇಕು.

ಮೊಬೈಲಿನಲ್ಲಿ ಇ-ಕೋರ್ಟ್ಸ್ ಆ್ಯಪ್ ಹಾಕಿಕೊಂಡು ಜಿಲ್ಲೆ, ಕೋರ್ಟು, ನಿಮ್ಮ ಹೆಸರು, ವರ್ಷ ಕೊಟ್ಟು ಹುಡುಕಿ. ಕೇಸಿದ್ದರೆ ನಂಬರ್, ಮುಂದಿನ ತಾರೀಖು, ಸೆಕ್ಷನ್ ಎಲ್ಲ ಬರುತ್ತದೆ. ಖರ್ಚಿಲ್ಲ. ನಮ್ಮ ಹುಡುಗನ ಕೇಸಿನಲ್ಲಿ ಇದ್ದಿದ್ದು ಹಳೇ ದಂಡ ಸಂಹಿತೆಯ 323, 504, 506. ಅಂದರೆ ಕೈಯಿಂದ ಹೊಡೆದದ್ದು, ಬೈದದ್ದು, ಬೆದರಿಸಿದ್ದು. ಹಳ್ಳಿ ಜಗಳದಲ್ಲಿ ಈ ಮೂರು ಒಟ್ಟಿಗೇ ಬರುತ್ತವೆ. ಮೂರೂ ಹೊಡೆಸಿಕೊಂಡವರು ಒಪ್ಪಿದರೆ ರಾಜಿ ಆಗುವಂಥವು. ಗುಂಪು ಕಟ್ಟಿದ್ದಕ್ಕೆ ಅಂತ 143, 147 ಸೇರಿಸಿದ್ದರೆ ಅಷ್ಟು ಸುಲಭವಾಗಿ ಮುಗಿಯುವುದಿಲ್ಲ, ಆಗ ಲಾಯರ್ ಬೇಕೇ ಬೇಕು.

ಈಗ ಮುಖ್ಯವಾದ ಮಾತು. ಕೋರ್ಟಿನ ಕಾರಿಡಾರಿನಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ: ‘ತಪ್ಪಾಯ್ತು ಅಂತ ಒಪ್ಕೊಂಡ್ಬಿಡು, ಐನೂರು ದಂಡ ಕಟ್ಟು, ಇವತ್ತೇ ಮುಗೀತದೆ.’ ಇಸ್ಪೀಟಿನ ಕೇಸಿನಲ್ಲಂತೂ ಇದೇ ರೂಢಿ. ಆದರೆ ಹಾಗೆ ಒಪ್ಪಿಕೊಂಡು ದಂಡ ಕಟ್ಟಿದರೆ ಅದು ಶಿಕ್ಷೆಯಾದ ಲೆಕ್ಕ. ನಾಳೆ ಅರ್ಜಿಯಲ್ಲಿ ‘ಶಿಕ್ಷೆ ಆಗಿದೆಯೇ’ ಅನ್ನುವ ಕಾಲಂ ಬಂದರೆ ಹೌದು ಅಂತ ಬರೆಯಬೇಕು. ಅದೇ ಕೇಸು, ರಾಜಿ ಮಾಡಿಸಲೆಂದೇ ಕೂರುವ ಲೋಕ ಅದಾಲತ್‌ನಲ್ಲಿ ರಾಜಿಯಾದರೆ, ಕಾನೂನಿನ ಪ್ರಕಾರ ಅದು ಖುಲಾಸೆಯಾದಂತೆ. ಜಗಳ ಒಂದೇ, ದಾರಿ ಬೇರೆಯಾದರೆ ಬದುಕೇ ಬೇರೆ. ನ್ಯಾಷನಲ್ ಲೋಕ ಅದಾಲತ್ ಸಾಮಾನ್ಯವಾಗಿ ವರ್ಷಕ್ಕೆ ನಾಲ್ಕು ಸಲ, ಶನಿವಾರ, ತಾಲ್ಲೂಕು ಕೋರ್ಟುಗಳಲ್ಲೂ ನಡೆಯುತ್ತದೆ. ಮುಂಚೆಯೇ ಅರ್ಜಿ ಕೊಟ್ಟು ಕೇಸನ್ನು ಆ ದಿನಕ್ಕೆ ಹಾಕಿಸಿಕೊಳ್ಳಿ. ರಾಜಿಯಾದ ಮೇಲೆ ಆದೇಶದ ದೃಢೀಕೃತ ಪ್ರತಿ ಎರಡು ತಗೊಳ್ಳಿ. ಒಂದು ಮನೆಗೆ, ಒಂದು ಕೆಲಸ ಕೊಡುವವರಿಗೆ.

ಕೂಲಿ ಬಿಟ್ಟು ಬರಲಾಗದೆ ಎರಡು ಮುದ್ದತ್ತು ತಪ್ಪಿಸಿಕೊಂಡಿರಾ? ವಾರಂಟ್ ಆಗಿರಬಹುದು. ಅಡಗಿಕೊಳ್ಳಬೇಡಿ. ಲಾಯರ್ ಜೊತೆ ನೀವಾಗಿಯೇ ಹೋಗಿ ಯಾಕೆ ಬರಲಾಗಲಿಲ್ಲ ಅಂತ ಹೇಳಿ ವಾರಂಟ್ ರದ್ದಿಗೆ ಅರ್ಜಿ ಹಾಕಿ. ಕೆಲಸದ ಜಾಗಕ್ಕೆ ಪೊಲೀಸರು ಬಂದು ಕರೆದುಕೊಂಡು ಹೋಗುವುದಕ್ಕಿಂತ ಅದು ಸಾವಿರ ಪಾಲು ಮೇಲು ಅಲ್ವಾ?

ಕೇಸು ಇನ್ನೂ ನಡೆಯುತ್ತಿದ್ದರೆ ಅರ್ಜಿಯಲ್ಲಿ ಮುಚ್ಚಿಡಬೇಡಿ. ಅವತಾರ್ ಸಿಂಗ್ ಕೇಸಿನಲ್ಲಿ 2016ರಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿದೆ. ಸಣ್ಣಪುಟ್ಟ ಕೇಸನ್ನು ನಿಜ ಹೇಳಿದ್ದರೆ ಕೆಲಸ ಕೊಡುವವರು ಅದನ್ನು ಕಡೆಗಣಿಸಬಹುದು. ಮುಚ್ಚಿಟ್ಟಿದ್ದು ಆಮೇಲೆ ಸಿಕ್ಕಿಬಿದ್ದರೆ ಅದೇ ಕೆಲಸಕ್ಕೆ ಕುತ್ತು ತರುತ್ತದೆ. ಆ ತೀರ್ಪು ಸರ್ಕಾರಿ ಕೆಲಸಕ್ಕೆ ಸಂಬಂಧಿಸಿದ್ದು, ಆದರೂ ಖಾಸಗಿಯಲ್ಲೂ ಇದೇ ನಡೆ ಒಳ್ಳೆಯದು. ಸುಳ್ಳಿಗಿಂತ ನಿಜಕ್ಕೆ ಒಂದು ಪುಟದ ವಿವರಣೆ ಬರೆಯುವುದು ಸುಲಭ.

ಇನ್ನೆರಡು ವಿಷಯ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಹದಿನೆಂಟು ತುಂಬುವ ಮೊದಲು ಮಾಡಿದ ತಪ್ಪಿಗೆ ಬಾಲನ್ಯಾಯ ಮಂಡಳಿ ಮುಂದೆ ಕೇಸು ನಡೆದಿದ್ದರೆ, 2015ರ ಬಾಲನ್ಯಾಯ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಅದು ಮುಂದೆ ಯಾವುದಕ್ಕೂ ಅನರ್ಹತೆ ಆಗುವುದಿಲ್ಲ. ದೊಡ್ಡವರಾದ ಮೇಲಿನ ಕೇಸಿನಲ್ಲಿ ಜೈಲಿನ ಬದಲು ಒಳ್ಳೇ ನಡತೆಯ ಮೇಲೆ ಬಿಟ್ಟಿದ್ದರೆ, 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 12ನೇ ಸೆಕ್ಷನ್ ಓದಿಸಿ. ಶಿಕ್ಷೆಯ ಜೊತೆ ಅಂಟಿಕೊಳ್ಳುವ ಅನರ್ಹತೆಯನ್ನು ಅದು ತೆಗೆಯುತ್ತದೆ.

ಹಂತ 6: ಲಾಯರ್‌ಗೆ ದುಡ್ಡು ಎಲ್ಲಿಂದ?

ದುಡ್ಡು ಬೇಡ. ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕೋಣೆ ಇರುತ್ತದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು ಆದಾಯ ಎಷ್ಟಿದ್ದರೂ ಉಚಿತ ಲಾಯರ್ ಕೇಳಬಹುದು. ಉಳಿದವರಿಗೆ ಆದಾಯದ ಮಿತಿ ಇದೆ, ಅದಕ್ಕೆ ಒಂದು ಅಫಿಡವಿಟ್ ಸಾಕಾಗುತ್ತದೆ. ಫೋನಾದರೆ 15100. ಕೊಟ್ಟ ಲಾಯರ್ ಸರಿಯಾಗಿ ನೋಡಿಕೊಳ್ಳದಿದ್ದರೆ ಅದೇ ಕೋಣೆಗೆ ಹೋಗಿ ಬದಲಿಸಿ ಅಂತ ಬರೆದುಕೊಡಿ. ಆ ಲಾಯರ್ ದುಡ್ಡು ಕೇಳಿದರೂ ಅಷ್ಟೇ.

ಹಂತ 7: ಸಾಲ

ಕಂತಿನವರು ಕೆಲಸದ ಜಾಗಕ್ಕೇ ಬಂದು ಕೂರುತ್ತಾರೆ ಅಂತ ಕೆಲಸ ಬಿಟ್ಟ ಹೆಂಗಸರನ್ನು ನೋಡಿದ್ದೇನೆ. ಮೈಕ್ರೊ ಫೈನಾನ್ಸಿನವರು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ. ವಸೂಲಿ ಇಬ್ಬರೂ ಒಪ್ಪಿದ ಜಾಗದಲ್ಲೇ ಆಗಬೇಕು; ಅಲ್ಲಿಗೆ ನೀವು ಸತತ ಎರಡು ಸಲ ಹೋಗದಿದ್ದರೆ ಮಾತ್ರ ಮನೆಗೋ ಕೆಲಸದ ಜಾಗಕ್ಕೋ ಬರಬಹುದು. ಬೈಯುವುದು, ನೆಂಟರಿಗೆ ಫೋನ್ ಮಾಡಿ ಮಾನ ಕಳೆಯುವುದು ಯಾವುದಕ್ಕೂ ಅವಕಾಶ ಇಲ್ಲ. ಇವು ರಿಸರ್ವ್ ಬ್ಯಾಂಕಿನ ನಿಯಮ. ನೋಂದಣಿಯೇ ಇಲ್ಲದೆ ಬಡ್ಡಿಗೆ ಬಿಡುವವರ ಕಿರುಕುಳಕ್ಕೆ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು, ಆಮೇಲೆ ಅದು ಕಾಯ್ದೆಯಾಯಿತು. ಹತ್ತು ವರ್ಷದ ತನಕ ಜೈಲು, ಐದು ಲಕ್ಷದ ತನಕ ದಂಡ ಅದರಲ್ಲಿದೆ. ಸ್ಟೇಷನ್ನಿಗೆ ಹೋಗುವಾಗ ಕಂತಿನ ಕಾರ್ಡು, ಕಾಲ್ ರೆಕಾರ್ಡಿಂಗ್ ಜೊತೆಗಿರಲಿ.

‘ಸಂಬಳ ಪೂರ್ತಿ ಕೋರ್ಟಿನಿಂದ ಹಿಡಿಸ್ತೀನಿ’ ಅಂತ ಹೆದರಿಸಿದರೆ ಈ ಲೆಕ್ಕ ನೆನಪಿಟ್ಟುಕೊಳ್ಳಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ ಪ್ರಕಾರ ಸಂಬಳದಲ್ಲಿ ಮೊದಲ 1,000 ಮತ್ತು ಉಳಿದದ್ದರ ಮೂರರಲ್ಲಿ ಎರಡು ಪಾಲು ಮುಟ್ಟುವಂತಿಲ್ಲ. 16,000 ಸಂಬಳ ಇದ್ದರೆ 1,000 ಬಿಟ್ಟು 15,000; ಅದರಲ್ಲಿ 10,000 ನಿಮ್ಮದು. ಹಿಡಿಯಬಹುದಾದ್ದು 5,000 ಮಾತ್ರ, ಅದೂ ಕೋರ್ಟಿನ ಡಿಕ್ರಿ, ಅಂದರೆ ತೀರ್ಪಿನ ಆದೇಶ ಆದ ಮೇಲೆ. ಜೀವನಾಂಶದ ಡಿಕ್ರಿಗೆ ಲೆಕ್ಕ ಬೇರೆ. ಕೂಲಿಯವರ, ಮನೆಗೆಲಸದವರ ಕೂಲಿಯನ್ನು ಮುಟ್ಟುವಂತೆಯೇ ಇಲ್ಲ. ಕುಶಲಕರ್ಮಿಯ ಉಪಕರಣ, ಅಡುಗೆ ಪಾತ್ರೆ, ಹಾಸಿಗೆಯೂ ಹಾಗೆಯೇ.

ಇಟ್ಟಿಗೆ ಗೂಡಿನಲ್ಲೋ ತೋಟದಲ್ಲೋ ಅಡ್ವಾನ್ಸ್ ಪಡೆದು, ಅದು ತೀರುವ ತನಕ ಬೇರೆ ಕೆಲಸಕ್ಕೆ ಹೋಗುವಂತಿಲ್ಲ ಅಂತ ಹಿಡಿದಿಟ್ಟುಕೊಂಡಿದ್ದರೆ ಅದು ಸಾಲವೇ ಅಲ್ಲ, ಜೀತ. 1976ರ ಕಾಯ್ದೆ ಆ ಸಾಲವನ್ನೇ ಅಳಿಸಿಹಾಕಿದೆ. ಉಪವಿಭಾಗಾಧಿಕಾರಿಗೆ, ಅಂದರೆ ಎಸಿ ಸಾಹೇಬರಿಗೆ ದೂರು ಕೊಡಿ. ವಿಚಾರಣೆ ಮಾಡಿ ಬಿಡುಗಡೆ ಪತ್ರ ಕೊಡಬೇಕಾದವರು ಅವರು. ತಕ್ಷಣಕ್ಕೆ 30,000 ರೂಪಾಯಿಯ ತನಕ ನೆರವೂ ಇದೆ. ಹೊರಗೆ ಬಂದ ಕೂಡಲೇ ಆ ಬಿಡುಗಡೆ ಪತ್ರದ ಪ್ರತಿ ಕೇಳಿ ಇಸಿದುಕೊಳ್ಳಿ. ಅದಿಲ್ಲದೆ ಮುಂದಿನ ಪುನರ್ವಸತಿ ಹಣ ಬರುವುದಿಲ್ಲ.

ಹಂತ 8: ಮೊದಲ ಸಂಬಳದ ತನಕ

ಇದನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಒಂದನೇ ತಾರೀಖು ಸೇರಿದರೆ ಸಂಬಳ ಬರುವುದು ಮುಂದಿನ ತಿಂಗಳ ಏಳಕ್ಕೋ ಹತ್ತಕ್ಕೋ. ನಲವತ್ತು ದಿನದ ಊಟ, ರೂಮು, ಬಸ್ಸು. ಹೆಂಗಸರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಆಧಾರ್ ವಿಳಾಸ ಕರ್ನಾಟಕದ್ದಿರಲಿ. ಮಗು ನೋಡಿಕೊಳ್ಳುವವರಿಲ್ಲದ ಉದ್ಯೋಗ ಖಾತ್ರಿ ಕೆಲಸದ ತಾಯಂದಿರು ಪಂಚಾಯಿತಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೂಸಿನ ಮನೆ ಇದೆಯಾ ಕೇಳಿ. ಉಳಿದ ಖರ್ಚಿಗೆ ಕೈಗಡಕ್ಕಿಂತ ಮಹಿಳಾ ಸಂಘದ ಸಾಲ ವಾಸಿ.

ಡ್ರೈವಿಂಗ್ ಕಲಿತವರಿಗೆ ಎರಡು ಒಳ್ಳೇ ಸುದ್ದಿ. ಟ್ರಾನ್ಸ್‌ಪೋರ್ಟ್ ಗಾಡಿಗೆ ಎಂಟನೇ ಕ್ಲಾಸು ಓದಿರಬೇಕು ಅನ್ನುವ ನಿಯಮ 2019ರಲ್ಲಿ ಹೋಯಿತು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಹೇಳಿತು. ಎಲ್‌ಎಂವಿ (ಹಗುರ ವಾಹನದ) ಲೈಸೆನ್ಸ್ ಇದ್ದರೆ 7,500 ಕೆ.ಜಿ. ಒಳಗಿನ ಟ್ರಾನ್ಸ್‌ಪೋರ್ಟ್ ಗಾಡಿಗೆ ಬೇರೆ ಅನುಮತಿ ಬೇಡ. ತಳ್ಳುಗಾಡಿಯವರಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದೆ. ಸರ್ವೆ ಆಗಿ ಪ್ರಮಾಣಪತ್ರ ಕೊಡುವ ತನಕ ಎಬ್ಬಿಸುವಂತಿಲ್ಲ. ತರಕಾರಿ, ಹಣ್ಣು ಹಿಡಿದುಕೊಂಡು ಹೋದರೆ ಕೇಳಿದ ದಿನವೇ ವಾಪಸ್ ಕೊಡಬೇಕು. ಕಸುಬು ಕಲಿಯಬೇಕು, ಫೀಸಿಗೆ ಕಾಸಿಲ್ಲ ಅನ್ನುವವರು ಜಿಲ್ಲೆಯ ಆರ್‌ಸೆಟಿ (ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ) ವಿಚಾರಿಸಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟಿಯ ಮಾದರಿಯಲ್ಲಿ ಬಂದ ಸಂಸ್ಥೆಗಳಿವು. ಊಟ, ವಸತಿ, ತರಬೇತಿ ಎಲ್ಲ ಉಚಿತ.

ಹಂತ 9: ಸೇರುವ ದಿನ

ನೇಮಕಾತಿ ಪತ್ರ ಕೇಳಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಕಾರ್ಮಿಕರಿಗೆ ಅದನ್ನು ಕೊಡಲೇಬೇಕು ಅಂತಿದೆ. ಕೆಲಸ ಬಿಟ್ಟರೂ, ಬಿಡಿಸಿದರೂ ಎರಡು ಕೆಲಸದ ದಿನದೊಳಗೆ ಬಾಕಿ ಸಂಬಳ ಚುಕ್ತಾ ಆಗಬೇಕು. ಕೊಡದಿದ್ದರೆ ಕಾರ್ಮಿಕ ಇಲಾಖೆಯ ಸಹಾಯವಾಣಿ 155214. ಖಾಲಿ ಹಾಳೆಗೆ, ಖಾಲಿ ಛಾಪಾ ಕಾಗದಕ್ಕೆ, ತಾರೀಖಿಲ್ಲದ ರಾಜೀನಾಮೆಗೆ ಸಹಿ ಹಾಕಬೇಡಿ. ಸಹಿ ಹಾಕಿದ್ದನ್ನೆಲ್ಲ ಅಲ್ಲೇ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ.

ನಮ್ಮ ಹುಡುಗ ಮುಂದಿನ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಂಡ. ಹೊಡೆಸಿಕೊಂಡವನೂ ನಮ್ಮ ಬೀದಿಯವನೇ, ಅವತ್ತು ಇಬ್ಬರೂ ಒಂದೇ ಬೈಕಿನಲ್ಲಿ ವಾಪಸ್ ಬಂದರು. ಎರಡು ತಿಂಗಳ ಮೇಲೆ ಬೇರೊಂದು ಗೋದಾಮಿನಲ್ಲಿ ಸೇರಿಕೊಂಡ. ಆ ಬಿಳಿ ಹಾಳೆಯನ್ನು ಇನ್ನೂ ಫೈಲಿನಲ್ಲೇ ಇಟ್ಟಿದ್ದಾನೆ, ಸುತ್ತು ಹಾಕಿದ್ದನ್ನೆಲ್ಲ ಹೊಡೆದುಹಾಕಿ. ಒಂದು ಮಾತ್ರ ಬಾಕಿ: ಅವರಪ್ಪನ ಹೆಸರು ಪ್ಯಾನ್‌ನಲ್ಲಿ ಇನ್ನೂ ತಪ್ಪೇ ಇದೆ. ಈ ಶನಿವಾರ ರಜೆ ಹಾಕಿ ಬರ್ತೀನಿ ಅಂದಿದ್ದಾನೆ.